ನುಚ್ಚು ಬೇಯೂವಷ್ಟು ಸಣ್ಣ ಉರಿ ಬೇಕಂದ್ರ ಸ್ಪಿರಿಟ್ ಒಲಿ ಹಿಂಗ ಮಾಡ್ರಿ

ಕೋಲ್ಡ್‌ಡ್ರಿಂಕ್ ಕ್ಯಾನ್ ಕೊರದು ಸ್ಪಿರಿಟ್ ಸ್ಟೌವ್ ಮಾಡೂದು ಈಗ ಟ್ರೆಕ್ಕಿಂಗ್ ಹೋಗೂ ಭಾಳ ಮಂದಿಗೆ ಗೊತ್ತೈತಿ. ಅದರಾಗ ಚಾ ಆಗ್ತೈತಿ, ಮ್ಯಾಗಿ ಆಗ್ತೈತಿ, ಆದ್ರ ಜ್ವಾಳದ ನುಚ್ಚು ಇಟ್ಟು ನೋಡ್ರಿ, ಐದು ನಿಮಿಷದಾಗ ತಳಾ ಹತ್ತತೈತಿ, ಮ್ಯಾಲಿಂದು ಹಸೇನ ಉಳಿತೈತಿ. ನಂದು ಎರಡು ಸಲ ಹಿಂಗ ಆತು. ಆ ಸ್ಟೌವ್ ನೀರು ಲಗೂನ ಕುದಿಸಾಕಂತನ ಮಾಡಿದ್ದು, ನಮಗ ಬೇಕಾಗಿದ್ದು ಇಪ್ಪತ್ತು ನಿಮಿಷ ಪುಟಪುಟ ಅನ್ನೂ ಉರಿ, ಎರಡೂ ಕೆಲಸ ಒಂದ ಡಬ್ಬಿಗೆ ಹೇಳಬಾರದು.

ಮೊದಲ ಒಂದು ಮಾತು ತಿಳ್ಕೊಳ್ರಿ, ಉರಿಯೂದು ಸ್ಪಿರಿಟ್ ಅಲ್ಲ, ಅದರ ಆವಿ. ಎಷ್ಟು ಅಗಲ ಬಾಯಿ ತಗದಿಟ್ಟೀರಿ ಅಷ್ಟು ಆವಿ ಮ್ಯಾಲ ಬರ್ತೈತಿ, ಅಷ್ಟು ಉರಿ. 60 ಎಂಎಂ ಬಾಯಿಯ ಡಬ್ಬಿ ಅಂದ್ರ ಸುಮಾರು 28 ಚದರ ಸೆಂಟಿಮೀಟರ್, ಅದನ್ನ 25 ಎಂಎಂ ತೂತಿಗೆ ಇಳಿಸಿದ್ರ ಉಳಿಯೂದು 5 ಚದರ ಸೆಂಟಿಮೀಟರ್ ಅಷ್ಟ. ಅಂದ್ರ ತೂತಿನ ಅಗಲ ಅರ್ಧ ಮಾಡಿದ್ರ ಬಾಯಿ ಕಾಲುಭಾಗಕ್ಕ ಬರ್ತೈತಿ, ಅದಕ್ಕ ತೂತು ಕೊರೆಯೂವಾಗ ಸಣ್ಣದರಿಂದ ಶುರು ಮಾಡ್ರಿ, ಸಾಲದಿದ್ರ ದೊಡ್ಡದು ಮಾಡಬಹುದು, ದೊಡ್ಡದಾದ್ರ ಮುಚ್ಚಾಕ ಬರಂಗಿಲ್ಲ.

ಬೂಟ್ ಪಾಲಿಶ್ ಖಾಲಿ ಡಬ್ಬಿ ತಗೊಂಡು ಸಾಬಾನು ಹಚ್ಚಿ ಜಿಡ್ಡು ಪೂರಾ ಹೋಗೂ ತನಕ ತೊಳೀರಿ. ಒಳಗ ಹತ್ತಿ ತುಂಬ್ರಿ. ನಮ್ಮ ಕಡೆ ಹತ್ತಿಗೇನೂ ಕೊರತಿ ಇಲ್ಲ, ದೀಪದ ಬತ್ತಿ ಇದ್ದಂಗ ಸ್ಪಿರಿಟ್ ಇರೂ ತನಕ ಹತ್ತಿ ಸುಡಂಗಿಲ್ಲ, ತೀರಿದ ಮ್ಯಾಲ ಕರಕಾಗ್ತೈತಿ, ಆಗ ಬದಲಿ ಮಾಡ್ರಿ. ಡಬ್ಬಿ ಅಕಸ್ಮಾತ್ ಉರುಳಿದ್ರ ಸ್ಪಿರಿಟ್ ಹರದು ಹೋಗದಂಗ ಹಿಡಿಯೂದೂ ಈ ಹತ್ತಿನ. ಮ್ಯಾಲೆ ಹಳೇ ಸ್ಟೀಲ್ ಚಾ ಸೋಸೂ ಜಾಳಿಗಿ ಗುಂಡಗ ಕತ್ತರಿಸಿ ಒತ್ತಿ ಕೂಡಿಸ್ರಿ. ಮುಚ್ಚಳದ ನಡುವ ಸುತ್ತಲೂ ಮೊಳಿಲೆ ತೂತು ಹೊಡದು 20 ಎಂಎಂ ಗುಂಡ ತಗೀರಿ, ಅಂಚು ಕಾನಸಿಲೆ ಉಜ್ಜ್ರಿ, ಇಲ್ಲಾಂದ್ರ ಕೈ ಕೊಯ್ಕೊತೀರಿ. ಇಂಥದ ಇನ್ನೊಂದು ಡಬ್ಬಿ ಮುಚ್ಚಳ ಇಲ್ಲದ್ದು ಮಾಡ್ರಿ, ಅದು ಕುದಿ ಬರಿಸಾಕ. ಎರಡು ಇದ್ರ ಬಿಸಿ ಡಬ್ಬಿಗೆ ಸ್ಪಿರಿಟ್ ಸುರಿಯೂ ಪ್ರಸಂಗನ ಬರಂಗಿಲ್ಲ. ಉರಿಯೂ ಒಲಿಗೆ, ಬಿಸಿ ಇರೂ ಒಲಿಗೆ ಯಾವತ್ತೂ ಸುರೀಬ್ಯಾಡ್ರಿ, ಹಗಲ ಬಿಸಲಾಗ ಇದರ ನೀಲಿ ಉರಿ ಕಣ್ಣಿಗೆ ಕಾಣಂಗಿಲ್ಲ, ಆರೈತಿ ಅನ್ಕೊಂಡು ಬಾಟ್ಲಿ ಬಗ್ಗಿಸಿದ್ರ ಬೆಂಕಿ ಬಾಟ್ಲಿಗೇ ಹತ್ತತೈತಿ.

ಹತ್ತಿ ಕುಡಿಯೂವಷ್ಟ ಹಾಕ್ರಿ, ಮ್ಯಾಲ ನಿಲ್ಲಬಾರದು, ದವಾಖಾನಿ ಸಿರಿಂಜಿನಿಂದ ಅಳದು ಹಾಕಿದ್ರ ಲೆಕ್ಕ ಸಿಗ್ತೈತಿ. ಸ್ಪಿರಿಟಿನಾಗ ಇರೂ ಆಲ್ಕೋಹಾಲ್ ಬ್ಯಾರೆ ಬ್ಯಾರೆ ಇರ್ತೈತಿ, ಇಥೆನಾಲ್ ಇದ್ದದ್ದು ಒಳ್ಳೇದು. ಐಸೊಪ್ರೊಪೈಲ್ ಇದ್ರ ಬೋಗಾಣಿ ಕಪ್ಪಾಗ್ತೈತಿ, ಮೆಥೆನಾಲ್ ವಿಷ, ಲೇಬಲ್ ಓದ್ರಿ. ಥಿನ್ನರ್, ಪೆಟ್ರೋಲ್ ಮುಟ್ಟಬ್ಯಾಡ್ರಿ.

ಒಂದು ತೊಡಕು ಏನಂದ್ರ ಶುರುವಿನಾಗ ಸಣ್ಣಗ ಉರಿದಿದ್ದು ನಾಲ್ಕೈದು ನಿಮಿಷಕ್ಕ ಭಗ್ಗಂತ ಏಳತೈತಿ, ನಮ್ಮ ಬ್ಯಾಸಗಿ ಒಳಗಂತೂ ಇನ್ನೂ ಜಾಸ್ತಿ. ಬೋಗಾಣಿ ತಳದ ಕಾವು ಕೆಳಗ ಇಳದು ಡಬ್ಬಿ ಕಾಯತೈತಿ, ಇಥೆನಾಲ್ 78 ಡಿಗ್ರಿಗೇ ಕುದಿಯೂ ವಸ್ತು, ತಾನ ಕುದ್ದು ಆವಿ ಚೆಲ್ಲತೈತಿ. ಇದಕ್ಕ ಡಬ್ಬಿನ ಅಗಲ ಪ್ಲೇಟಿನಾಗ ಇಟ್ಟು ಅರ್ಧ ಬೆರಳು ನೀರು ಹಾಕ್ರಿ, ಡಬ್ಬಿ ತಣ್ಣಗ ಇರ್ತೈತಿ, ಉರಿ ಒಂದ ಸಮ ನಿಲ್ಲತೈತಿ. ಎಷ್ಟೋ ದಿನ ತೂತಿನ ಸೈಜ್ ಬದಲಿ ಮಾಡ್ಕೋತ ಕುಂತಿದ್ದೆ, ಕಡೀಕ ಕೆಲಸಕ್ಕ ಬಂದದ್ದು ಈ ಪ್ಲೇಟಿನ ನೀರು. ಬೋಗಾಣಿನ ಡಬ್ಬಿ ಬಾಯಿಂದ 3 ಸೆಂಟಿಮೀಟರ್ ಮ್ಯಾಲೆ, ಮೂರು ಗಟ್ಟಿ ಕಲ್ಲಿನ ಮ್ಯಾಲ ಅಥವಾ ತಂತಿ ಸ್ಟ್ಯಾಂಡಿನ ಮ್ಯಾಲ ಅಲುಗಾಡದಂಗ ಕೂಡಿಸ್ರಿ.

ಗಾಳಿಗೆ ಸಣ್ಣ ಉರಿ ನಿಲ್ಲಂಗಿಲ್ಲ. ಗದಗ ಕಡೆ ಗಾಳಿ ಹೆಂಗ ಐತಿ ಅಂಬೂದು ಕಪ್ಪತಗುಡ್ಡದ ಮ್ಯಾಲಿನ ಕರೆಂಟ್ ತಗಿಯೂ ಗಾಳಿ ಫ್ಯಾನ್ ನೋಡಿದವರಿಗೆ ಹೇಳಬೇಕಿಲ್ಲ. ಎಣ್ಣಿ ಡಬ್ಬಿಯ ತಗಡು ಕತ್ತರಿಸಿ ಬೋಗಾಣಿ ಸುತ್ತ ಒಂದು ಬೆರಳು ಜಾಗ ಬಿಟ್ಟು ನಿಲ್ಲಿಸ್ರಿ, ತಳಕ್ಕ ಗಾಳಿ ಹೋಗಾಕ ತೂತು ಇರಲಿ. ಆದ್ರ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅದರೊಳಗ ಯಾವ ಒಲಿನೂ ಹಚ್ಚಬ್ಯಾಡ್ರಿ, ಬ್ಯಾಸಗಿಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಕೆಳಗ ಊರಾಗ, ಪರಿಚಯದವರ ಅಂಗಳದಾಗ ಅಡಗಿ ಮಾಡ್ಕೊಂಡು ಬುತ್ತಿ ಕಟ್ಕೊಂಡು ಹತ್ರಿ. ಟೆಂಟಿನಾಗ ಹಚ್ಚೂದಂತೂ ಬ್ಯಾಡನ ಬ್ಯಾಡ. ಬಗಲಾಗ ನೀರು ಇರಲಿ, ಆರಿಸಾಕ ಒಂದು ಸ್ಟೀಲ್ ವಾಟಗಾ ಪಕ್ಕಡದಿಂದ ಹಿಡದು ಬೋರಲ ಹಾಕ್ರಿ.

ಮನಿ ಹಿತ್ತಲದಾಗ ಮೊದಲ ಟೆಸ್ಟ್ ಮಾಡ್ರಿ. ಅರ್ಧ ಲೀಟರ್ ನೀರು ಕುದಿಯಾಕ ಲೆಕ್ಕಕ್ಕ 7-8 ಎಂಎಲ್ ಇಥೆನಾಲ್ ಸಾಕು, ಆದ್ರ ಅರ್ಧ ಕಾವು ಹೊರಗ ಹೋಗೂದರಿಂದ 15 ಎಂಎಲ್ ಹಿಡೀರಿ. ಕುದಿ ಬಂದ ಮ್ಯಾಲ ಮುಚ್ಚಳದ ಡಬ್ಬಿ ಹಚ್ಚ್ರಿ, ಅದಕ್ಕ 15 ಎಂಎಲ್ ಹಾಕಿದ್ರ ನಂದು 20 ನಿಮಿಷದ ಮ್ಯಾಲ ಉರಿತೈತಿ. 100 ಗ್ರಾಮ್ ನುಚ್ಚು ಅರ್ಧ ತಾಸು ಮೊದಲ ನೆನಿ ಇಟ್ಟು, 400 ಎಂಎಲ್ ನೀರಿನಾಗ ಬಿಟ್ಟು, ನಡುನಡುವ ತಳದಿಂದ ತಿರುವ್ಕೋತ ಹೋಗ್ರಿ, ಉರಿ ತಾನ ಆರಿದ ಮ್ಯಾಲ ಟಾವೆಲಿನಾಗ ಸುತ್ತಿ ಹತ್ತು ನಿಮಿಷ ಇಡ್ರಿ. ಹೆಸರಬ್ಯಾಳಿ ಸೇರಿಸಿದ್ರ ಇನ್ನೊಂದು 5 ಎಂಎಲ್ ಜಾಸ್ತಿ ಹಾಕ್ರಿ.