ಐದು ದಿನಕ್ಕೆ ಖಾಲಿಯಾದ ಸಿಲಿಂಡರ್

ಏಳೆಂಟು ಕೆಗ್, ಅಂದರೆ ಏಳೆಂಟು ಪೀಪಾಯಿ ಬಿಯರಿಗೆ ಗುಳ್ಳೆ ತುಂಬಲು ಸಾಕಾಗಬೇಕಿದ್ದ ಇಂಗಾಲದ ಡೈಆಕ್ಸೈಡ್ ಐದೇ ದಿನಕ್ಕೆ ಮುಗಿದಿತ್ತು. ಕೊಲರಾಡೋದ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಹಳೆಯ ಫ್ರಿಜ್, ಅದರೊಳಗೆ ಒಂದು ಕಾಲಕ್ಕೆ ಪೆಪ್ಸಿಯ ಸಿರಪ್ ತುಂಬಿಕೊಂಡು ಓಡಾಡಿದ್ದ 19 ಲೀಟರಿನ ಸ್ಟೀಲ್ ಕೆಗ್, ಹೊರಗಡೆ ಐದು ಪೌಂಡ್ ಗ್ಯಾಸ್ ಹಿಡಿಯುವ ಸಿಲಿಂಡರ್. ನನ್ನ ಕಾರ್ಖಾನೆ ಇಷ್ಟೇ. ಇಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು 1979ರಿಂದ ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಊರಿನಲ್ಲಿ ಪರವಾನಗಿಯಿಲ್ಲದೆ ಇದೇ ಕೆಲಸಕ್ಕೆ ಕೈಹಾಕಿದರೆ ಅಬಕಾರಿಯವರಿಗೆ ಉತ್ತರ ಹೇಳಬೇಕಾಗುತ್ತದೆ.

ಅಡುಗೆ ಅನಿಲ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಆ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಈ ಅನಿಲಕ್ಕೆ ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಜಾಗದಲ್ಲಿ ಕೆಳಗೇ ತುಂಬಿಕೊಂಡು ಉಸಿರು ಕಟ್ಟಿಸಬಲ್ಲದು. ಹುಡುಕಾಟದ ಅಷ್ಟೂ ದಿನ ಗ್ಯಾರೇಜಿನ ಬಾಗಿಲನ್ನು ತೆರೆದಿಟ್ಟೇ ಕೆಲಸ ಮಾಡಿದೆ.

ಮೊದಲ ಅನುಮಾನ ಕೆಗ್ಗಿನ ಮುಚ್ಚಳದ ಮೇಲೆ. ಸೋಪಿನ ನೀರು ಸಿಂಪಡಿಸಿದೆ, ಅಂಚಿನಲ್ಲಿ ನೊರೆ ಎದ್ದಿತು. ಮುಚ್ಚಳದ ದೊಡ್ಡ ಓ-ರಿಂಗ್ (ರಬ್ಬರ್ ಬಳೆ) ಬದಲಾಯಿಸಿ, ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಒಮ್ಮೆ 30 ಪಿಎಸ್‌ಐ ಒತ್ತಡ ಕೊಟ್ಟು ಮುಚ್ಚಳವನ್ನು ಕೂರಿಸಿದೆ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಸಿಲಿಂಡರ್ ತುಂಬಿಸಿಕೊಂಡು ಬಂದೆ.

ಖಾತ್ರಿಗೆಂದು ಒತ್ತಡವನ್ನು 12 ಪಿಎಸ್‌ಐಗೆ ಇಟ್ಟು, ಸಿಲಿಂಡರಿನ ಕವಾಟ ಮುಚ್ಚಿ ಮಲಗಿದೆ. ಬೆಳಿಗ್ಗೆ ಮಾಪಕದ ಮುಳ್ಳು ನಾಲ್ಕಕ್ಕೆ ಇಳಿದಿತ್ತು. ಗಾಬರಿಯಲ್ಲಿ ಕೆಗ್ಗಿನ ಎರಡೂ ಮೂತಿಗಳನ್ನು ಬಿಚ್ಚಿ ಕಂಡಕಂಡ ರಬ್ಬರನ್ನೆಲ್ಲ ಬದಲಾಯಿಸಿದೆ. ಮರುದಿನವೂ ಅದೇ ಕಥೆ. ಸಂಜೆ ಹೊಳೆಯಿತು: ಕೆಗ್ಗಿನಲ್ಲಿದ್ದದ್ದು ಹೊಸ ಬಿಯರ್, ಇನ್ನೂ ಗ್ಯಾಸ್ ಹಿಡಿದಿರಲಿಲ್ಲ. ತಣ್ಣಗಿನ ಬಿಯರ್ ತನ್ನ ಪಾಲಿನ ಗ್ಯಾಸನ್ನು ಕುಡಿಯುತ್ತಲೇ ಇರುತ್ತದೆ. ಸೋರಿಕೆ ಇಲ್ಲದಿದ್ದರೂ ಮುಳ್ಳು ಇಳಿಯುತ್ತದೆ. ಎರಡು ದಿನ ಸುಮ್ಮನೆ ಹಾಳಾದವು.

ಕೆಗ್ಗನ್ನು ಕಳಚಿಟ್ಟೆ. ಉಳಿದದ್ದು ರೆಗ್ಯುಲೇಟರ್ ಮತ್ತು ಪೈಪು. ಪೈಪಿನಲ್ಲಿ ಒತ್ತಡ ಇರುವಂತೆಯೇ ಅದರ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಮೈಸೂರಿನ ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ಬಾಣಲಿಯ ನೀರಿನಲ್ಲಿ ಒತ್ತಿ ಪಂಕ್ಚರ್ ಹುಡುಕುತ್ತಿದ್ದದ್ದು ನೆನಪಾಯಿತು. ಗುಳ್ಳೆ ಬರಲಿಲ್ಲ. ಆಮೇಲೆ ಪೈಪಿನ ಕಡೆಯ ತಿರುಪನ್ನೂ ಮುಚ್ಚಿ, ಸಿಲಿಂಡರಿನ ಕವಾಟವನ್ನೂ ಮುಚ್ಚಿ, ರೆಗ್ಯುಲೇಟರಿನಲ್ಲಿ ಸಿಲಿಂಡರಿನ ಕಡೆಯ ಹೆಚ್ಚಿನ ಒತ್ತಡ ತೋರಿಸುವ ಮಾಪಕವನ್ನು ಗಮನಿಸಿದೆ. ಎರಡು ಗಂಟೆಯಲ್ಲಿ ಮುಳ್ಳು ಅರ್ಧಕ್ಕೆ ಬಂದಿತ್ತು. ಅಲ್ಲಿಗೆ ದೋಷ ಸಿಲಿಂಡರ್ ಮತ್ತು ರೆಗ್ಯುಲೇಟರ್ ಸೇರುವ ಗೇಣುದ್ದದ ಜಾಗಕ್ಕೆ ಇಳಿಯಿತು.

ಆ ಜಾಗಕ್ಕೂ ನಾನು ಮೊದಲೇ ಸೋಪಿನ ನೀರು ಹಾಕಿದ್ದೆ. ಆದರೆ ಮೇಲಿನಿಂದಷ್ಟೇ ನೋಡಿದ್ದೆ. ಈಗ ಟಾರ್ಚ್ ಮತ್ತು ಶೇವಿಂಗ್ ಕನ್ನಡಿ ಹಿಡಿದು ಕೆಳಗಿನಿಂದ ನೋಡಿದರೆ, ನಟ್ಟಿನ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಗೊಂಚಲು. ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ವಾಷರಿನ ಒಂದು ಬದಿ ಚಪ್ಪಟೆಯಾಗಿತ್ತು. ಹಿಂದಿನ ಸಿಲಿಂಡರಿನದ್ದನ್ನೇ ನಾನು ಮತ್ತೆ ಬಳಸಿದ್ದೆ. ಸಾಲದೆಂಬಂತೆ ಸ್ಪ್ಯಾನರ್ ಹಾಕಿ ಬಿಗಿದದ್ದರಿಂದ ಅದು ಇನ್ನಷ್ಟು ಕೆಟ್ಟಿತ್ತು.

“ಮನೆಗೆ ಸಿಲಿಂಡರ್ ಬಂದಾಗ ನಿಮ್ಮ ಅಮ್ಮ ವಾಷರ್ ನೋಡದೆ ಒಳಗೆ ತೆಗೆದುಕೊಳ್ಳುತ್ತಿದ್ದರೇನ್ರೀ?” ಎಂದಳು ಹೆಂಡತಿ. ಚಿಲ್ಲರೆ ಬೆಲೆಯ ವಾಷರಿಗಾಗಿ ಎರಡು ಸಿಲಿಂಡರ್ ಗ್ಯಾಸ್ ಕಳೆದವನ ಬಳಿ ಉತ್ತರವಿರಲಿಲ್ಲ.

ಮಾಪಕವನ್ನು ಈಗ ಅಷ್ಟಾಗಿ ನಂಬುವುದಿಲ್ಲ. ಸಿಲಿಂಡರಿನೊಳಗೆ ದ್ರವ ಇರುವಷ್ಟು ಕಾಲ ಅದು ಹೆಚ್ಚುಕಡಿಮೆ ಒಂದೇ ಒತ್ತಡ ತೋರಿಸುತ್ತದೆ, ದ್ರವ ಮುಗಿದ ಮೇಲೆ ದಡಕ್ಕನೆ ಬೀಳುತ್ತದೆ. ಅದರ ಬದಲು ಬೆಂಗಳೂರಿಗೆ ಹೊರಡುವಾಗ ಸೂಟ್‌ಕೇಸ್ ತೂಗಲು ಇಟ್ಟುಕೊಂಡ ಕೊಕ್ಕೆಯ ತಕ್ಕಡಿ ಇದೆಯಲ್ಲ, ಅದಕ್ಕೆ ಸಿಲಿಂಡರನ್ನು ರೆಗ್ಯುಲೇಟರ್ ಸಮೇತ ನೇತುಹಾಕುತ್ತೇನೆ. ಹೊಸ ವಾಷರ್ ಹಾಕಿದ ಸಂಜೆ, ಕೆಗ್ ಜೋಡಿಸದೆ, ಕವಾಟ ತೆರೆದಿಟ್ಟು ತೂಗಿದಾಗ 6.85 ಕೆಜಿ ಇತ್ತು. ಅಂಟುಪಟ್ಟಿಯ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದೆ. ಮೂರನೆಯ ದಿನವೂ 6.85.