ಕನ್ನಡ ವೆಬ್‌ಸೈಟ್ ವಿನ್ಯಾಸ: ಒತ್ತಕ್ಷರದಿಂದಲೇ ಶುರು ಮಾಡಿ

ಕನ್ನಡ ವೆಬ್‌ಸೈಟುಗಳಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ. ಡಿಸೈನೆಲ್ಲ ಇಂಗ್ಲಿಷಿನಲ್ಲಿ ಮುಗಿದಿರುತ್ತದೆ, ಅದೂ 'ಲೋರೆಮ್ ಇಪ್ಸಮ್' ಎಂಬ ಅರ್ಥವಿಲ್ಲದ ಲ್ಯಾಟಿನ್ ಪಠ್ಯ ತುಂಬಿ. ಕನ್ನಡ ಬಂದು ಸೇರುವುದು ಕಟ್ಟಕಡೆಗೆ. ಅಷ್ಟರಲ್ಲಿ ಬಟನ್ನಿನ ಅಗಲ, ಸಾಲುಗಳ ನಡುವಿನ ಅಂತರ, ಶೀರ್ಷಿಕೆಯ ಗಾತ್ರ ಎಲ್ಲವೂ ನಿಗದಿಯಾಗಿಬಿಟ್ಟಿರುತ್ತವೆ. 'ಸಬ್‌ಮಿಟ್' ಇದ್ದ ಜಾಗದಲ್ಲಿ 'ಸಲ್ಲಿಸಿ' ಹೇಗೋ ಕೂರುತ್ತದೆ. ಇಂಗ್ಲಿಷಿನ ಎಂಟಕ್ಷರದ 'ರಿಜಿಸ್ಟರ್' ಇದ್ದಲ್ಲಿ 'ನೋಂದಾಯಿಸಿಕೊಳ್ಳಿ' ಕೂರುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ನಿಜವಾದ ಕನ್ನಡ ಪಠ್ಯ ಇಟ್ಟುಕೊಂಡು ಕೆಲಸ ಮಾಡಿ. ಮುಂದೆ ಹೇಳುವುದೆಲ್ಲ ಇದರ ವಿವರ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿಯೋಣ: ಹೋಬಳಿ ಮಟ್ಟದ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಸೈಟ್ ಮಾಡಬೇಕಾಗಿದೆ.

ಮೊದಲ ಪರದೆಯಲ್ಲಿ ಏನಿರಬೇಕು

ಡಿಸೈನ್ ಸಾಫ್ಟ್‌ವೇರ್ ತೆರೆಯುವ ಮುಂಚೆ ಸಂಘದ ಕಚೇರಿಗೆ ಬರುವ ಫೋನ್ ಕರೆಗಳನ್ನು ಒಂದು ವಾರ ಬರೆದಿಡಲು ಹೇಳಿ. ಗೊಬ್ಬರ ಬಂದಿದೆಯಾ, ಸಾಲದ ಬಡ್ಡಿ ಎಷ್ಟು, ಅರ್ಜಿಗೆ ಯಾವ ದಾಖಲೆ ಬೇಕು, ಇವತ್ತು ಕಚೇರಿ ತೆರೆದಿದೆಯಾ: ಹೀಗೆ ನಾಲ್ಕೈದು ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತವೆ. ಅವುಗಳ ಉತ್ತರ, ಉತ್ತರ ಉದ್ದವಿದ್ದರೆ ಅದರ ಕೊಂಡಿ, ಮೊಬೈಲಿನ ಮೊದಲ ಪರದೆಯಲ್ಲಿ ಸ್ಕ್ರೋಲ್ ಮಾಡದೆಯೇ ಕಾಣಬೇಕು. ಅಗ್ಗದ ಆಂಡ್ರಾಯ್ಡ್ ಫೋನುಗಳ ಪರದೆ ಸಾಮಾನ್ಯವಾಗಿ 360 ಪಿಕ್ಸೆಲ್ ಅಗಲ. ಅದಕ್ಕೇ ಮೊದಲು ವಿನ್ಯಾಸ ಮಾಡಿ, ಕಂಪ್ಯೂಟರಿಗೆ ಆಮೇಲೆ ಹಿಗ್ಗಿಸಿ.

ಈ ಜಾಗವನ್ನು ನುಂಗುವುದು ತಾನೇ ತಾನಾಗಿ ಸರಿಯುವ ಫೋಟೋ ಸ್ಲೈಡರ್. ಅಧ್ಯಕ್ಷರು ದೀಪ ಬೆಳಗಿಸುವ ಚಿತ್ರ ನೋಡಲು ರೈತ ಡೇಟಾ ಖರ್ಚು ಮಾಡಿ ಬಂದಿಲ್ಲ. ಆಡಳಿತ ಮಂಡಳಿ ಒಪ್ಪುವುದೇ ಇಲ್ಲ ಎಂದಾದರೆ 'ನಮ್ಮ ಬಗ್ಗೆ' ಪುಟದಲ್ಲಿ ಒಂದು ಸ್ಥಿರ ಚಿತ್ರ ಹಾಕಿಕೊಡಿ.

ಅಕ್ಷರಗಳಿಗೆ ಉಸಿರಾಡಲು ಜಾಗ

ಕನ್ನಡ ಸೈಟು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಇಂಗ್ಲಿಷ್ ಅಕ್ಷರ ತನ್ನ ಗೆರೆಯಿಂದ ಕೆಳಗೆ ಇಳಿಯುವುದು ಸ್ವಲ್ಪ ಮಾತ್ರ. ಕನ್ನಡದಲ್ಲಿ 'ರಾಷ್ಟ್ರೀಯ' ಎಂದು ಬರೆದರೆ ಷ ಕೆಳಗೆ ಟ, ಅದರ ಜೊತೆಗೆ ರ ಒತ್ತು. ಸಾಲಿನ ಅಂತರ ಕಡಿಮೆಯಿದ್ದರೆ ಈ ಒತ್ತುಗಳು ಕೆಳಸಾಲಿನ ಗುಡಿಸು, ಏತ್ವಗಳಿಗೆ ಹೋಗಿ ಢಿಕ್ಕಿ ಹೊಡೆಯುತ್ತವೆ.

ಲೇಖನದ ಪಠ್ಯ 18 ಪಿಕ್ಸೆಲ್ ಇರಲಿ, 16ಕ್ಕಿಂತ ಇಳಿಸಬೇಡಿ. ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಗಾತ್ರದ 1.7 ಪಟ್ಟಿನ ಆಸುಪಾಸು. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಗೆ 1.1 ಅಥವಾ 1.2 ಇಟ್ಟಿರುತ್ತಾರೆ, ಅದನ್ನು 1.4ಕ್ಕೆ ಏರಿಸಿ. ಬಟನ್ನಿಗೆ ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕಬೇಡಿ. ಮೇಲೆ ಕೆಳಗೆ 12 ಪಿಕ್ಸೆಲ್ ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ) ಕೊಟ್ಟು ಎತ್ತರ ತಾನಾಗಿ ಬರಲು ಬಿಡಿ. ಕಟ್ಟಿಹಾಕಿದ ಎತ್ತರಕ್ಕೆ, ಚೌಕಟ್ಟು ಮೀರಿದ್ದನ್ನು ಮರೆಮಾಡುವ 'ಓವರ್‌ಫ್ಲೋ ಹಿಡನ್' ಸೇರಿದರೆ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ, 'ಅಪ್ಪ' ಬರೆದದ್ದು 'ಅಪ' ಎಂದು ಕಾಣುತ್ತದೆ.

ಕೊಂಡಿಗಳ ಅಡಿಗೆರೆಯದೂ ಇದೇ ಕಥೆ, ಒತ್ತುಗಳ ನಡುವೆಯೇ ಹಾದುಹೋಗುತ್ತದೆ. ಅಂಡರ್‌ಲೈನ್-ಆಫ್‌ಸೆಟ್ ಸುಮಾರು 0.3 ಎಮ್ (ಅಕ್ಷರದ ಗಾತ್ರದ 0.3 ಪಟ್ಟು) ಕೊಟ್ಟು ಕೆಳಕ್ಕೆ ತಳ್ಳಿ. ಲೆಟರ್-ಸ್ಪೇಸಿಂಗ್ ಸೊನ್ನೆಯೇ ಇರಲಿ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಅದು ಅಂದ, ಕನ್ನಡದಲ್ಲಿ ಅಕ್ಷರಗಳು ಚದುರಿದಂತಾಗಿ ಓದು ಮುಗ್ಗರಿಸುತ್ತದೆ. ಇಟಾಲಿಕ್ ಬೇಡ. ಬಹುತೇಕ ಕನ್ನಡ ಫಾಂಟುಗಳಲ್ಲಿ ನಿಜವಾದ ಇಟಾಲಿಕ್ ಇರುವುದಿಲ್ಲ, ಬ್ರೌಸರ್ ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತದೆ. ಒತ್ತು ಕೊಡಬೇಕಾದಲ್ಲಿ ಬೋಲ್ಡ್ ಸಾಕು.

ಎರಡೂ ಬದಿ ಸಮ ಮಾಡುವ ಜಸ್ಟಿಫೈ ಮೊಬೈಲಿನಲ್ಲಿ ಬೇಡವೇ ಬೇಡ. 'ವಿಶ್ವವಿದ್ಯಾನಿಲಯಗಳಿಗೆ' ಎಂಬಂಥ ಪದ ಕೆಳಸಾಲಿಗೆ ಜಾರಿದರೆ ಮೇಲಿನ ಸಾಲಿನಲ್ಲಿ ಉಳಿದ ಮೂರು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿದ್ದಿರುತ್ತದೆ. ಎಡಕ್ಕೆ ಜೋಡಿಸಿ. ದೊಡ್ಡ ಪರದೆಯಲ್ಲಿ ಸಾಲಿಗೆ ಎಂಟು ಹತ್ತು ಪದ ಮೀರದಂತೆ ಅಂಕಣದ ಅಗಲ ಮಿತಿಗೊಳಿಸಿ. ಉದ್ದ ಪದಗಳು ಪರದೆಯಾಚೆ ಚಾಚದಿರಲು ಓವರ್‌ಫ್ಲೋ-ವ್ರ್ಯಾಪ್ ಬಳಸಿ. ವರ್ಡ್-ಬ್ರೇಕ್‌ನ 'ಬ್ರೇಕ್-ಆಲ್' ಹಾಕಿದರೆ ಸಣ್ಣ ಪದಗಳೂ ಸಿಕ್ಕಸಿಕ್ಕಲ್ಲಿ ತುಂಡಾಗುತ್ತವೆ.

ಫಾಂಟಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಉದ್ದ ಓದಿಗೆ ನೋಟೋ ಸೆರಿಫ್ ಕನ್ನಡ, ಎಲ್ಲವೂ ಉಚಿತ. 400 ಮತ್ತು 700 ಎಂಬ ಎರಡೇ ತೂಕ (ಅಕ್ಷರದ ದಪ್ಪ) ಸಾಕು. ವೆಬ್‌ಗೆಂದು ಕುಗ್ಗಿಸಿದ ವೋಫ್2 ರೂಪದಲ್ಲಿ ಕೊಡಿ, ಫಾಂಟ್-ಡಿಸ್‌ಪ್ಲೇಗೆ 'ಸ್ವ್ಯಾಪ್' ಹಾಕಿ. ಫಾಂಟ್ ಇಳಿಯುವವರೆಗೆ ಫೋನಿನಲ್ಲೇ ಇರುವ ಅಕ್ಷರ ಕಾಣುತ್ತಿರುತ್ತದೆ, ಓದುಗ ಖಾಲಿ ಪುಟ ನೋಡುತ್ತ ಕೂರುವುದು ತಪ್ಪುತ್ತದೆ.

ಹಳದಿ ಕೆಂಪಿನ ಮೋಹ

ಪಠ್ಯ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಕನಿಷ್ಠ 4.5:1 ಇರಬೇಕೆಂದು ವೆಬ್ ಸುಗಮ್ಯತೆಯ ಡಬ್ಲ್ಯುಸಿಎಜಿ ಮಾನದಂಡ ಹೇಳುತ್ತದೆ. ದೊಡ್ಡ ಶೀರ್ಷಿಕೆಗಾದರೆ 3:1 ನಡೆಯುತ್ತದೆ. ನಮ್ಮ ಬಾವುಟದ ಬಣ್ಣಗಳೆಂದು ಶುದ್ಧ ಹಳದಿಯ ಮೇಲೆ ಶುದ್ಧ ಕೆಂಪಿನಲ್ಲಿ ಬರೆಯುವವರು ಬಹಳ. ಆ ಜೋಡಿ ತಲುಪುವುದು ಸುಮಾರು 3.7ಕ್ಕೆ ಮಾತ್ರ. ಪರದೆಯ ಬಣ್ಣಕ್ಕಿರುವ 0ಯಿಂದ 255ರ ಅಳತೆಯಲ್ಲಿ ಕೆಂಪಿನ ಪ್ರಮಾಣವನ್ನು 255ರಿಂದ 176ಕ್ಕೆ ಇಳಿಸಿ ಗಾಢ ಮಾಡಿದರೆ 6.5 ದಾಟುತ್ತದೆ: ಅಭಿಮಾನವೂ ಉಳಿಯಿತು, ಓದಲೂ ಬಂತು. ಬಿಳಿಯ ಮೇಲೆ ತಿಳಿಬೂದು ಅಕ್ಷರ ಇನ್ನೊಂದು ಫ್ಯಾಷನ್. ಬಿಸಿಲಿನಲ್ಲಿ, ಗೀರುಬಿದ್ದ ಪರದೆಯಲ್ಲಿ ಅದು ಕಾಣುವುದೇ ಇಲ್ಲ.

ಪದಗಳು ಮತ್ತು ಬಟನ್ನುಗಳು

ಜನ ಬಾಯಲ್ಲಿ ಆಡುವ ಪದವನ್ನೇ ಬರೆಯಿರಿ. ಲಾಗಿನ್, ಪಾಸ್‌ವರ್ಡ್, ಒಟಿಪಿ, ಡೌನ್‌ಲೋಡ್ ಎಲ್ಲರಿಗೂ ಗೊತ್ತು. 'ಗುಪ್ತಪದ' ನೋಡಿದವರು ಒಂದು ಕ್ಷಣ ನಿಲ್ಲುತ್ತಾರೆ. ಇನ್ನೊಂದು ತುದಿಗೆ ಹೋಗಿ 'ಸರ್ಚ್ ಮಾಡಿ' ಎಂದು ಬರೆಯುವುದೂ ಬೇಕಿಲ್ಲ, 'ಹುಡುಕಿ' ಚಿಕ್ಕದು, ಚೊಕ್ಕದು. 'ನೋಂದಾಯಿಸಿಕೊಳ್ಳಿ' ಉದ್ದವಾದರೆ 'ನೋಂದಣಿ' ಎನ್ನಿ. 'ಇಲ್ಲಿ ಕ್ಲಿಕ್ ಮಾಡಿ' ಎಂಬ ಕೊಂಡಿ ಏನನ್ನೂ ಹೇಳುವುದಿಲ್ಲ, 'ಬೆಳೆ ಸಾಲದ ಅರ್ಜಿ' ಎಂದರೆ ಎಲ್ಲ ಹೇಳುತ್ತದೆ. ಬೆರಳಿಗೆ ಸಿಗುವಂತೆ ಬಟನ್ 48 ಪಿಕ್ಸೆಲ್ ಎತ್ತರಕ್ಕಿಂತ ಕಡಿಮೆ ಆಗದಿರಲಿ.

ಎರಡು ಭಾಷೆಯ ಸೈಟಾದರೆ ಬದಲಾಯಿಸುವ ಬಟನ್ ಮೇಲೆ 'ಕನ್ನಡ' ಎಂದು ಕನ್ನಡದಲ್ಲೇ ಇರಲಿ. ಅದನ್ನು ಒತ್ತಿದಾಗ ಅದೇ ಪುಟದ ಕನ್ನಡ ರೂಪ ಬರಬೇಕು. ಮುಖಪುಟಕ್ಕೆ ಎಸೆದರೆ ಓದುಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಅರ್ಜಿ ನಮೂನೆ

ಬೇಕಾದ್ದನ್ನು ಮಾತ್ರ ಕೇಳಿ. 'ಸರ್‌ನೇಮ್' ಕಡ್ಡಾಯ ಮಾಡಬೇಡಿ. ನಮ್ಮಲ್ಲಿ ಅನೇಕರಿಗೆ ಇರುವುದು ಇನಿಷಿಯಲ್ ಮಾತ್ರ, ಅವರು ಆ ಖಾನೆಯಲ್ಲಿ ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. 'ಹೆಸರು' ಎಂಬ ಒಂದೇ ಖಾನೆ ಸಾಕು.

ಆ ಖಾನೆಯ ತಪಾಸಣೆಯಲ್ಲಿ ಒಂದು ಗುಂಡಿ ಇದೆ. ಇಂಗ್ಲಿಷಿನ ಎ ಇಂದ ಝಡ್ ಮಾತ್ರ ಒಪ್ಪುವ ನಿಯಮ ತಪ್ಪೆಂದು ಎಲ್ಲರಿಗೂ ಗೊತ್ತು. ಅದನ್ನು 'ಯಾವುದೇ ಭಾಷೆಯ ಲೆಟರ್' ಎಂದು ಬದಲಿಸಿದರೂ ಕನ್ನಡಕ್ಕೆ ಸಾಲದು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ 'ಲ' ಲೆಟರ್ ವರ್ಗಕ್ಕೆ ಸೇರಿದ್ದು, ಅದರ ಪಕ್ಕದ ದೀರ್ಘ ಮಾರ್ಕ್ ವರ್ಗಕ್ಕೆ. ಆಗ 'ಕಮಲ' ಎಂಬ ಹೆಸರು ಪಾಸಾಗುತ್ತದೆ, 'ಕಮಲಾ' ಫೇಲಾಗುತ್ತದೆ. ಲೆಟರ್, ಮಾರ್ಕ್ ಎರಡಕ್ಕೂ ಅನುಮತಿ ಕೊಡಿ. ಖಾಲಿ ಜಾಗ, ಚುಕ್ಕಿ, ಜೊತೆಗೆ ಅಕ್ಷರಗಳನ್ನು ಕೂಡಿಸುವ, ಬಿಡಿಸುವ, ಕಣ್ಣಿಗೆ ಕಾಣದ ಎರಡು ಅಕ್ಷರಗಳಿಗೂ (ಝಡ್‌ಡಬ್ಲ್ಯುಜೆ, ಝಡ್‌ಡಬ್ಲ್ಯುಎನ್‌ಜೆ) ದಾರಿ ಬಿಡಿ.

ಈ ಕಾಣದ ಅಕ್ಷರಗಳನ್ನು ಕಸವೆಂದು ತೆಗೆದುಹಾಕುವ ಪ್ರೋಗ್ರಾಮುಗಳಿವೆ. ಆಗ 'ರ‍್ಯಾಂಕ್' ಇದ್ದದ್ದು 'ರ್ಯಾಂಕ್' ಆಗಿ ಅರ್ಕಾವೊತ್ತು ಬಂದು ಕೂರುತ್ತದೆ, 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುತ್ತದೆ. ಉಳಿಸುವಾಗ ಅವನ್ನು ಹಾಗೇ ಇಡಿ, ಹುಡುಕುವಾಗ ಮಾತ್ರ ಎರಡೂ ಕಡೆ ಬಿಟ್ಟು ಹೋಲಿಸಿ. ಜನ ಎರಡೂ ರೀತಿ ಟೈಪ್ ಮಾಡುತ್ತಾರೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿರುವುದೂ ಉಂಟು, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹುಡುಕಾಟಕ್ಕೆ ಮಾತ್ರ ತಿಳಿಯುತ್ತದೆ.

ಮೊಬೈಲ್ ಸಂಖ್ಯೆ, ಪಿನ್‌ಕೋಡ್ ಖಾನೆಗೆ ಬಂದಾಗ ಅಂಕಿಗಳ ಕೀಬೋರ್ಡೇ ತೆರೆಯಲಿ. ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನ್ ಪುಟವನ್ನೇ ಹಿಗ್ಗಿಸಿಬಿಡುತ್ತದೆ. ತಪ್ಪಾದಾಗ 'ಅಮಾನ್ಯ ನಮೂದು' ಎಂದು ಬೈಯದೆ 'ಮೊಬೈಲ್ ಸಂಖ್ಯೆ 10 ಅಂಕಿ ಇರಬೇಕು, 9 ಇದೆ' ಎಂದು ಆ ಖಾನೆಯ ಕೆಳಗೇ ಹೇಳಿ. ತುಂಬಿದ ಉಳಿದ ಖಾನೆಗಳನ್ನು ಅಳಿಸಬೇಡಿ.

ತೆರೆಮರೆಯ ಕೆಲಸ

ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನ 'ಲ್ಯಾಂಗ್' ಗುಣದಲ್ಲಿ ಬರೆಯಿರಿ. ದೃಷ್ಟಿದೋಷ ಇರುವವರ ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕೆಂದು ತಿಳಿಯುವುದು ಅದರಿಂದ. ಡೇಟಾಬೇಸ್ ಯುಟಿಎಫ್-8 ಎಂಬ ಯುನಿಕೋಡ್ ರೂಪದಲ್ಲಿ ಇರಬೇಕು, ಮೈಎಸ್‌ಕ್ಯುಎಲ್ ಆದರೆ ಯುಟಿಎಫ್8ಎಂಬಿ4. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡುವ ಆಸೆ ಸಹಜ, ಆದರೆ ಇಡಬೇಡಿ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್, ವಿಳಾಸ ನಕಲಾಗುವಾಗ ಒಂದು ಬೈಟಿಗೆ ಮೂರು ಅಕ್ಷರ. 'ಕರ್ನಾಟಕ' ಎಂಬ ಏಳು ಚಿಹ್ನೆಯ ಪದವೇ 63 ಅಕ್ಷರಗಳಾಗುತ್ತದೆ. ಅಂಥ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಂಡವರು ವೈರಸ್ಸೆಂದು ಮುಟ್ಟುವುದಿಲ್ಲ. ಲ್ಯಾಟಿನ್ ಲಿಪಿಯಲ್ಲಿ 'ಬೆಳೆ-ಸಾಲ' ಎಂಬಷ್ಟು ಸಣ್ಣದಿರಲಿ.

ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳಲ್ಲಿನ ಆಸ್ಕಿ (ಯುನಿಕೋಡ್ ಅಲ್ಲದ ಹಳೆಯ ಸಂಕೇತದ) ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಪರಿವರ್ತನೆಯಾದ ಮೇಲೂ ಅರ್ಕಾವೊತ್ತು ಮತ್ತು ಸೊನ್ನೆಗಳನ್ನು ಕಣ್ಣಾರೆ ನೋಡಿ. ಸ್ಕ್ಯಾನ್ ಮಾಡಿದ ಸುತ್ತೋಲೆಯನ್ನಷ್ಟೇ ಏರಿಸಿ ಕೈತೊಳೆದುಕೊಳ್ಳಬೇಡಿ, ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಪುಟದಲ್ಲೇ ಟೈಪ್ ಮಾಡಿ.

ವೇಗಕ್ಕೆ ಗೂಗಲ್‌ನ ಅಳತೆಗೋಲು ಇದೆ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು, ಪುಟ ತೆರೆಯುವಾಗ ಅದರ ಭಾಗಗಳು ಜಾಗ ಬದಲಿಸಿ ಜಿಗಿಯುವ ಅಂಕ 0.1 ಮೀರಬಾರದು. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿದರೆ ಎಲ್ಲಿ ನಿಧಾನವೆಂದು ತೋರಿಸುತ್ತದೆ. ಹೆಚ್ಚಿನ ಸಲ ಕಾರಣ ಕ್ಯಾಮೆರಾದಿಂದ ನೇರ ಏರಿಸಿದ 4 ಎಂಬಿ ಫೋಟೋ.

ಬಿಡುಗಡೆಗೆ ಮುಂಚೆ

'ರಾಷ್ಟ್ರೀಯ', 'ಸ್ವಾಸ್ಥ್ಯ', 'ಸಂಸ್ಕೃತಿ', 'ಶಾಸ್ತ್ರೀಯ' ಈ ನಾಲ್ಕು ಪದಗಳನ್ನು ಪ್ರತಿ ಬಟನ್, ಮೆನು, ಶೀರ್ಷಿಕೆಯಲ್ಲಿ ಹಾಕಿ ನೋಡಿ. ಎಲ್ಲೂ ಕತ್ತರಿಸದಿದ್ದರೆ ಬೇರೆ ಪದಗಳೂ ಕತ್ತರಿಸುವ ಸಾಧ್ಯತೆ ಕಡಿಮೆ. ಆಮೇಲೆ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಸಂಘದ ಸದಸ್ಯರೊಬ್ಬರ ಕೈಗೆ ಕೊಟ್ಟು, ಬಯಲಿನಲ್ಲಿ ನಿಲ್ಲಿಸಿ, ಮೂರು ಕೆಲಸ ಹೇಳಿ: ಯೂರಿಯಾ ಇದೆಯಾ ನೋಡಿ, ಬೆಳೆ ಸಾಲಕ್ಕೆ ಏನು ದಾಖಲೆ ಬೇಕು ಹುಡುಕಿ, ಕಚೇರಿಗೆ ಫೋನ್ ಮಾಡಿ. ಅವರು ತಡವರಿಸುವಾಗ ನೀವು ಬಾಯಿ ಬಿಡಬಾರದು, ಬೆರಳು ತೋರಿಸಲೂ ಬಾರದು. ಎಲ್ಲಿ ನಿಂತರು, ಯಾವ ತಪ್ಪು ಬಟನ್ ಒತ್ತಿದರು ಎಂದು ಬರೆದುಕೊಳ್ಳಿ. ಇಂಥ ಐದು ಜನ ಸಿಕ್ಕರೆ ದೊಡ್ಡ ತಪ್ಪುಗಳೆಲ್ಲ ಹೆಚ್ಚೂಕಡಿಮೆ ಅವತ್ತೇ ಹೊರಬೀಳುತ್ತವೆ. ತಿದ್ದಿದ ಮೇಲೆ ಬೇರೆ ಐವರನ್ನು ಕರೆಯಿರಿ, ಮೊದಲಿನವರಿಗೆ ದಾರಿ ಗೊತ್ತಾಗಿರುತ್ತದೆ.