ಉತ್ಕರ್ಷಣ ನಿರೋಧಕ ಪೆಪ್ಟೈಡ್‌ಗಳ ಪುಡಿಯನ್ನು ಕೊಳ್ಳುವ ಮುನ್ನ ಪರಿಶೀಲಿಸುವುದು ಹೇಗೆ?

ಪೆಪ್ಟೈಡ್ ಎಂದರೆ ಕೆಲವೇ ಅಮೈನೊ ಆಮ್ಲಗಳು ಸರಪಳಿಯಂತೆ ಕೂಡಿಕೊಂಡಿರುವ ಪ್ರೋಟೀನಿನ ತುಣುಕು. ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣವುಳ್ಳ, ಅಂದರೆ ಫ್ರೀ ರ್‍ಯಾಡಿಕಲ್ ಎಂಬ ಅಸ್ಥಿರ ಅಣುಗಳಿಂದಾಗುವ ಹಾನಿಯನ್ನು ತಡೆಯಬಲ್ಲ ಪೆಪ್ಟೈಡ್‌ಗಳಲ್ಲಿ ಸಾಮಾನ್ಯವಾಗಿ 2ರಿಂದ 20 ಅಮೈನೊ ಆಮ್ಲಗಳಿರುತ್ತವೆ. ಹಾಲು, ಮೊಟ್ಟೆ, ಸೋಯಾ, ಮೀನು ಮುಂತಾದವುಗಳ ಪ್ರೋಟೀನಿನೊಳಗೆ ಇವು ಸುಪ್ತವಾಗಿದ್ದು, ಜೀರ್ಣಾಂಗದ ಪೆಪ್ಸಿನ್, ಟ್ರಿಪ್ಸಿನ್‌ನಂತಹ ಕಿಣ್ವಗಳು ಪ್ರೋಟೀನನ್ನು ತುಂಡರಿಸಿದಾಗ ಇಲ್ಲವೇ ಆಹಾರ ಹುದುಗುವಾಗ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಹೊರಬರುತ್ತವೆ. ಆದ್ದರಿಂದ ಪ್ರೋಟೀನುಳ್ಳ ಊಟ ಮಾಡುವವರೆಲ್ಲರ ದೇಹದಲ್ಲಿಯೂ ಇಂತಹ ತುಣುಕುಗಳು ಪ್ರತಿದಿನ ಉಂಟಾಗುತ್ತಲೇ ಇರುತ್ತವೆ ಎಂಬುದನ್ನು ಮೊದಲು ಮನಗಾಣಬೇಕು.

ಪುಡಿಯ ಲೇಬಲ್ಲಿನಲ್ಲಿ ಮೂಲ ಪ್ರೋಟೀನ್ ಯಾವುದು, ಅದನ್ನು ಯಾವ ಕಿಣ್ವದಿಂದ ಒಡೆಯಲಾಗಿದೆ ಎಂಬುದನ್ನು ನೋಡಿ. ಒಂದೇ ಪ್ರೋಟೀನನ್ನು ಬೇರೆ ಕಿಣ್ವದಿಂದ ಕತ್ತರಿಸಿದರೆ ಬೇರೆಯೇ ಪೆಪ್ಟೈಡ್‌ಗಳು ದೊರೆಯುತ್ತವೆ. ಹಿಸ್ಟಿಡಿನ್, ಟೈರೋಸಿನ್, ಟ್ರಿಪ್ಟೋಫ್ಯಾನ್, ಸಿಸ್ಟೀನ್ ಎಂಬ ಅಮೈನೊ ಆಮ್ಲಗಳಿರುವ ತುಣುಕುಗಳು ಫ್ರೀ ರ್‍ಯಾಡಿಕಲ್‌ಗಳಿಗೆ ಎಲೆಕ್ಟ್ರಾನ್ ಅಥವಾ ಹೈಡ್ರೋಜನ್ ನೀಡಿ ಅವುಗಳನ್ನು ಶಮನಗೊಳಿಸಬಲ್ಲವು. ಕೆಲವು ತುಣುಕುಗಳು ಫ್ರೀ ರ್‍ಯಾಡಿಕಲ್ ಹುಟ್ಟಲು ನೆರವಾಗುವ ಕಬ್ಬಿಣ, ತಾಮ್ರದ ಅಯಾನುಗಳನ್ನು ಹಿಡಿದಿಡುತ್ತವೆ.

ಅನಂತರ ಪುರಾವೆಯ ಬಗೆಯನ್ನು ವಿಚಾರಿಸಬೇಕು. ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿಯೇ. ಡಿಪಿಪಿಎಚ್, ಎಬಿಟಿಎಸ್, ಓರ್ಯಾಕ್ ಎಂಬ ಪರೀಕ್ಷೆಗಳು ಪ್ರನಾಳದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯನ್ನಷ್ಟೇ ಅಳೆಯುತ್ತವೆ. ಓರ್ಯಾಕ್ ಮೌಲ್ಯಗಳಿಗೂ ದೇಹದ ಮೇಲಿನ ಪರಿಣಾಮಕ್ಕೂ ನೇರ ಸಂಬಂಧವಿಲ್ಲವೆಂಬ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆಯು ಅವುಗಳ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು. ಸೇವಿಸಿದ ಪೆಪ್ಟೈಡ್ ಜೀರ್ಣಾಂಗದಲ್ಲಿ ಮತ್ತೆ ಒಡೆಯದೆ ಉಳಿಯಬೇಕು, ಕರುಳಿನ ಗೋಡೆಯನ್ನು ದಾಟಬೇಕು, ರಕ್ತದಲ್ಲಿಯೂ ಬಾಳಬೇಕು. ಎರಡು ಅಥವಾ ಮೂರು ಅಮೈನೊ ಆಮ್ಲಗಳ ತುಣುಕುಗಳನ್ನು ಒಳಕ್ಕೆ ಸಾಗಿಸಲು ಸಣ್ಣಕರುಳಿನಲ್ಲಿ ಪೆಪ್‌ಟಿ1 ಎಂಬ ವಾಹಕವಿದೆ. ಉದ್ದನೆಯವುಗಳ ಹಾದಿ ಅಷ್ಟು ಸುಗಮವಲ್ಲ. ಮಾಂಸದಲ್ಲಿರುವ ಕಾರ್ನೋಸಿನ್ ಎರಡೇ ಅಮೈನೊ ಆಮ್ಲಗಳದ್ದಾದರೂ ಮನುಷ್ಯರ ರಕ್ತದಲ್ಲಿರುವ ಕಾರ್ನೋಸಿನೇಸ್ ಎಂಬ ಕಿಣ್ವ ಅದನ್ನು ಬೇಗನೆ ಒಡೆದುಬಿಡುತ್ತದೆ. ಆದಕಾರಣ ಮನುಷ್ಯರ ಮೇಲೆ, ಹೋಲಿಕೆಯ ಗುಂಪನ್ನಿಟ್ಟುಕೊಂಡು, ಅದೇ ಉತ್ಪನ್ನವನ್ನು ಅದೇ ಪ್ರಮಾಣದಲ್ಲಿ ಕೊಟ್ಟು ನಡೆಸಿದ ಅಧ್ಯಯನವಿದೆಯೇ ಎಂದು ಕೇಳಿ. ಇಲಿಗಳ ಮೇಲಿನ ಫಲಿತಾಂಶ ಸಂಶೋಧಕರಿಗೆ ಅಮೂಲ್ಯವಾದುದು, ಆದರೆ ಕೊಳ್ಳುವವರಿಗೆ ಅದು ಸಾಲದು.

ಇಂತಹ ಅಧ್ಯಯನ ಸಿಗದಿದ್ದರೆ ಆ ಹಣವನ್ನು ಬೇಳೆಕಾಳು, ಹಾಲಿನ ಪದಾರ್ಥ, ಮೊಟ್ಟೆ, ಮೀನುಗಳಂತಹ ಬಗೆಬಗೆಯ ಪ್ರೋಟೀನಿಗೆ ವ್ಯಯಿಸುವುದೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ. ದೇಹದ ಪ್ರಮುಖ ಉತ್ಕರ್ಷಣ ನಿರೋಧಕವಾದ ಗ್ಲುಟಾಥಯೋನ್ ಕೂಡ ಒಂದು ಪೆಪ್ಟೈಡೇ ಆಗಿದ್ದು, ಗ್ಲುಟಾಮೇಟ್, ಸಿಸ್ಟೀನ್, ಗ್ಲೈಸಿನ್‌ಗಳಿಂದ ಜೀವಕೋಶಗಳೇ ಅದನ್ನು ತಯಾರಿಸಿಕೊಳ್ಳುತ್ತವೆ.

ಪುಡಿಯನ್ನೇ ಬಳಸುವುದಾದರೆ, ಕಿಣ್ವದಿಂದ ಒಡೆದ ಮಾತ್ರಕ್ಕೆ ಪ್ರೋಟೀನಿನ ಅಲರ್ಜಿಕಾರಕ ಗುಣ ಪೂರ್ಣವಾಗಿ ಹೋಗುವುದಿಲ್ಲವಾದ್ದರಿಂದ, ಹಾಲು, ಸೋಯಾ, ಮೀನುಗಳ ಅಲರ್ಜಿಯುಳ್ಳವರು ಮೂಲವನ್ನು ತಪ್ಪದೆ ಓದಬೇಕು. ಮೂತ್ರಪಿಂಡದ ಕಾಯಿಲೆಯವರೂ, ಕೆಲವು ಪೆಪ್ಟೈಡ್‌ಗಳು ರಕ್ತದೊತ್ತಡದ ಮೇಲೂ ಪ್ರಭಾವ ಬೀರಬಹುದಾದ್ದರಿಂದ ಅದಕ್ಕೆ ಔಷಧ ಸೇವಿಸುತ್ತಿರುವವರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.